ತೂಕದ ಮಷೀನಿಗಿಂತ ಮೊದಲು ಗಡಿಯಾರ ನೋಡಿ: ಮೆಡಿಕಲ್ ವಿದ್ಯಾರ್ಥಿಗಳ ಆತಂಕ ಮತ್ತು ಮೈತೂಕ

ಎಂಬಿಬಿಎಸ್ ಮೊದಲ ವರ್ಷದ ಫಿಸಿಯಾಲಜಿ ಪ್ರಾಕ್ಟಿಕಲ್‌ನಲ್ಲಿ ಒಂದು ದಿನ ಎಲ್ಲರ ಎತ್ತರ, ತೂಕ ಅಳೆದು ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಎಷ್ಟಿದೆ ಎಂಬ ಅಂಕಿ) ಲೆಕ್ಕ ಹಾಕಿಸುತ್ತಾರೆ. ನಾನು ಓದುವಾಗ ಮಷೀನು ಬೋರ್ಡಿನ ಪಕ್ಕದಲ್ಲೇ ಇತ್ತು. ಅಟೆಂಡರ್ ಅಂಕಿ ನೋಡಿ ಕೂಗುವುದು, ಬರೆದುಕೊಳ್ಳುವವನು ಅದನ್ನೇ ಇನ್ನೊಮ್ಮೆ ಕೂಗಿ ಬರೆಯುವುದು. ‘ರೋಲ್ ನಂಬರ್ 47, ಎಂಬತ್ತೊಂದು.’ ಹಿಂದಿನ ಬೆಂಚಿನಿಂದ ಯಾರೋ ಸಿಳ್ಳೆ ಹಾಕಿದರು. ಆ ಹುಡುಗಿಯೂ ನಕ್ಕಳು. ಆಮೇಲೆ ಹೆಚ್ಚುಕಡಿಮೆ ಒಂದು ತಿಂಗಳು ರಾತ್ರಿ ಊಟಕ್ಕೆ ಅವಳು ಮೆಸ್ಸಿಗೆ ಬಂದದ್ದನ್ನು ಯಾರೂ ನೋಡಲಿಲ್ಲ.

ಅದೇ ದಿನ ನನ್ನ ತೂಕ 49 ಕೆ.ಜಿ. ಕಾಲೇಜಿಗೆ ಸೇರುವಾಗ 55 ಇತ್ತು. ನನಗೆ ಯಾರೂ ಸಿಳ್ಳೆ ಹಾಕಲಿಲ್ಲ, ‘ಮೆಸ್ ಊಟ ಒಗ್ಗಿಲ್ಲ ಅನ್ಸತ್ತೆ’ ಅಂದು ಸುಮ್ಮನಾದರು. ಒಗ್ಗದೇ ಇದ್ದದ್ದು ಊಟವಲ್ಲ. ದಿನಾ ಬೆಳಗ್ಗೆ ಡಿಸೆಕ್ಷನ್ ಹಾಲಿಗೆ ಹೋಗುವ ಮುಂಚೆ ಎರಡೆರಡು ಸಲ ಟಾಯ್ಲೆಟ್ಟಿಗೆ ಓಡುತ್ತಿದ್ದೆ, ತಿಂಡಿ ಅಂದರೆ ವಾಕರಿಕೆ ಬರುತ್ತಿತ್ತು. ಫೈನಲ್ ಇಯರ್ ಹೊತ್ತಿಗೆ ಅದೇ ನಾನು 66 ಕೆ.ಜಿ. ಆದೆ. ಇಳಿದದ್ದಕ್ಕೂ ಏರಿದ್ದಕ್ಕೂ ಕಾರಣ ಒಂದೇ, ಆತಂಕ, ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಈಗ ಅದೇ ಫಿಸಿಯಾಲಜಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ನಾಲ್ಕೈದು ಮಕ್ಕಳಾದರೂ ಬಾಗಿಲ ಹತ್ತಿರ ನಿಂತು ‘ಸ್ವಲ್ಪ ಮಾತಾಡಬೇಕಿತ್ತು’ ಅನ್ನುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲಿಗೆ, ನೀವೊಬ್ಬರೇ ಅಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ 40,000ಕ್ಕೂ ಹೆಚ್ಚು ಮೆಡಿಕಲ್ ವಿದ್ಯಾರ್ಥಿಗಳ ಲೆಕ್ಕವಿತ್ತು. ಸುಮಾರು ಮೂವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣಗಳಿದ್ದವು. ನಮ್ಮ ದೇಶದಲ್ಲಿ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ನೇಮಿಸಿದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8 ಮಂದಿ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆಯಿದೆ ಎಂದು ತಾವೇ ಹೇಳಿಕೊಂಡಿದ್ದಾರೆ. ನಿಮ್ಮ ಬ್ಯಾಚಿನಲ್ಲಿ 150 ಜನ ಇದ್ದರೆ ಲೆಕ್ಕ ನೀವೇ ಹಾಕಿ.

ಆತಂಕ ತೂಕವನ್ನು ಮುಟ್ಟುವುದು ಹೇಗೆ

ನಾಳೆ ಬೆಳಗ್ಗೆ ವೈವಾ (ಮೌಖಿಕ ಪರೀಕ್ಷೆ) ಇದೆ ಎಂದುಕೊಳ್ಳಿ. ಅಡ್ರಿನಲಿನ್ ಏರುತ್ತದೆ, ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ, ದೊಡ್ಡ ಕರುಳು ಮಾತ್ರ ಅವಸರ ಮಾಡುತ್ತದೆ. ಅದಕ್ಕೇ ಬಾಯಿ ಒಣಗುವುದು, ತುತ್ತು ಇಳಿಯದಿರುವುದು, ಟಾಯ್ಲೆಟ್ಟಿಗೆ ಓಡುವುದು ಎಲ್ಲ ಒಟ್ಟಿಗೇ ಆಗುವುದು. ಇದು ಒಂದು ದಿನದ ಆತಂಕ, ಹಸಿವನ್ನು ಕೊಲ್ಲುತ್ತದೆ. ಇಂಟರ್ನಲ್ಸ್ ಮುಗಿಯುವಷ್ಟರಲ್ಲಿ ಇನ್ನೊಂದು ಇಂಟರ್ನಲ್ಸ್, ಅದರ ಹಿಂದೆ ರೆಕಾರ್ಡ್, ಅದರ ಹಿಂದೆ ಅಟೆಂಡೆನ್ಸ್ ಎಂದು ತಿಂಗಳುಗಟ್ಟಲೆ ಎಳೆದರೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಕೆಲಸ ಶುರುವಾಗುತ್ತದೆ. ಅದು ಹಸಿವನ್ನು ಹೆಚ್ಚಿಸುತ್ತದೆ, ಅದರಲ್ಲೂ ಸಿಹಿ ಮತ್ತು ಜಿಡ್ಡಿನ ಕಡೆ ಮನಸ್ಸನ್ನು ಎಳೆಯುತ್ತದೆ. ಮಧ್ಯರಾತ್ರಿ ಯಾರಿಗೂ ಸೊಪ್ಪಿನ ಸಾರು ನೆನಪಾಗುವುದಿಲ್ಲ.

ನಿದ್ದೆಯದು ಇನ್ನೊಂದು ದಾರಿ. 2004ರ ಒಂದು ಪ್ರಯೋಗದಲ್ಲಿ 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಹೊಟ್ಟೆ ತುಂಬಿತು ಎಂದು ಮಿದುಳಿಗೆ ಹೇಳುವ ಲೆಪ್ಟಿನ್ ಶೇ. 18ರಷ್ಟು ಇಳಿಯಿತು, ಹಸಿವು ಎಬ್ಬಿಸುವ ಗ್ರೆಲಿನ್ ಶೇ. 28ರಷ್ಟು ಏರಿತು. ಎರಡೇ ರಾತ್ರಿಗೆ ಇಷ್ಟು. ಯೂನಿವರ್ಸಿಟಿ ಪರೀಕ್ಷೆಯ ತಿಂಗಳಲ್ಲಿ ಎಷ್ಟು ರಾತ್ರಿ ಹಾಗೆ ಕಳೆಯುತ್ತೀರಿ?

ತೂಕದಿಂದ ಆತಂಕಕ್ಕೂ ದಾರಿಯಿದೆ. ಗೆಳೆಯರ ತಮಾಷೆ, ಆಪರೇಷನ್ ಥಿಯೇಟರಿನಲ್ಲಿ ಹಾಕುವ ಸ್ಕ್ರಬ್ಸ್ ಬಟ್ಟೆಯ ಸೈಜ್ ಸಿಗದಿರುವುದು, ಸರ್ಫೇಸ್ ಅನಾಟಮಿ (ಒಳಗಿನ ಅಂಗಗಳ ಜಾಗವನ್ನು ಮೈಮೇಲೆ ಗುರುತಿಸುವುದು) ತೋರಿಸಲು ‘ತೆಳ್ಳಗಿರೋರು ಯಾರಾದ್ರೂ ಬನ್ನಿ’ ಎಂಬ ಕರೆ, ಹಬ್ಬಕ್ಕೆ ಊರಿಗೆ ಹೋದಾಗ ಹೊಸಿಲು ದಾಟುವ ಮೊದಲೇ ‘ಏನೇ ಇದು, ಡಾಕ್ಟ್ರಾಗೋಕ್ ಹೋಗಿ ಹಿಂಗ್ ಊದ್ಕೊಂಡ್ ಬಂದಿದೀಯಲ್ಲೇ’ ಅನ್ನುವ ಚಿಕ್ಕಮ್ಮ. ಹಾಗಂತ ತೂಕ ಹೆಚ್ಚಿದವರಿಗೆಲ್ಲ ಆತಂಕ ಇರುತ್ತದೆ, ಸರಿಯಾದ ತೂಕದವರು ನೆಮ್ಮದಿಯಾಗಿದ್ದಾರೆ ಎಂದು ತಿಳಿಯಬೇಡಿ. ಬಿಎಂಐ ಅಂಕಿ ನೋಡಿ ಒಬ್ಬರ ಆತಂಕ ಊಹಿಸಲು ಬರುವುದಿಲ್ಲ. ನಾನು ಕಂಡ ಹಾಗೆ, ತನ್ನ ಮೈ ಬಗ್ಗೆ ತಾನು ಏನು ಅಂದುಕೊಂಡಿದ್ದಾರೆ ಎಂಬುದು ಆ ಅಂಕಿಗಿಂತ ಹೆಚ್ಚು ಕಾಡುತ್ತದೆ.

1. ಆತಂಕಕ್ಕೆ ಅಂಕ ಕೊಡಿ

‘ಟೆನ್ಷನ್’ ಎಂಬ ಒಂದೇ ಪದದಲ್ಲಿ ನಾವು ಎಲ್ಲವನ್ನೂ ಮುಚ್ಚಿಡುತ್ತೇವೆ. ಅದನ್ನು ಅಳೆಯಲು ಜಿಎಡಿ-7 ಎಂಬ ಪ್ರಶ್ನಾವಳಿ ಇದೆ, 2006ರಿಂದ ಬಳಕೆಯಲ್ಲಿದೆ, ಉಚಿತ. ಕಳೆದ ಎರಡು ವಾರಗಳಲ್ಲಿ ಗಾಬರಿ, ಚಿಂತೆ ನಿಲ್ಲಿಸಲಾಗದಿರುವುದು, ಬೇಡದ್ದಕ್ಕೆಲ್ಲ ಚಿಂತೆ, ಮೈ ಸಡಿಲ ಬಿಡಲಾಗದಿರುವುದು, ಕೂತಲ್ಲಿ ಕೂರಲಾಗದಿರುವುದು, ಸಿಡುಕು, ಏನೋ ಕೆಟ್ಟದಾಗುತ್ತದೆ ಎಂಬ ಭಯ ಎಷ್ಟು ದಿನ ಕಾಡಿತು ಎಂದು ಏಳು ಪ್ರಶ್ನೆ. ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 21. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ತೀವ್ರ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಈ ಲೇಖನ ಓದಿ ಮುಗಿಸಿ, ಆದರೆ ಇಲ್ಲಿಗೇ ನಿಲ್ಲಿಸದೆ ಯಾರನ್ನಾದರೂ ಕಾಣಿ. ಇದು ರೋಗನಿರ್ಣಯವಲ್ಲ, ಜ್ವರ ಇದೆಯೋ ಇಲ್ಲವೋ ಎಂದು ಕೈ ಇಟ್ಟು ನೋಡಿದ ಹಾಗೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ತುಂಬಬೇಡಿ, ಆ ದಿನ ಎಲ್ಲರಿಗೂ ಜಾಸ್ತಿ ಬರುತ್ತದೆ.

2. ಏಳು ದಿನ ಗಡಿಯಾರದ ಲೆಕ್ಕ ಬರೆಯಿರಿ

ಕ್ಯಾಲೊರಿ ಬರೆಯಬೇಡಿ. ಕ್ಯಾಲೊರಿ ಆ್ಯಪ್ ಹಾಕಿಕೊಂಡು ಅದೇ ಹೊಸ ಆತಂಕವಾದ ಮಕ್ಕಳನ್ನು ನೋಡಿದ್ದೇನೆ. ಎಷ್ಟು ಗಂಟೆಗೆ ತಿಂದೆ, ಏನು ತಿಂದೆ, ಆಗ ಮನಸ್ಸು ಹೇಗಿತ್ತು, ಎಷ್ಟು ಗಂಟೆಗೆ ಮಲಗಿದೆ, ಇಷ್ಟೇ ಸಾಕು. ಒಬ್ಬ ವಿದ್ಯಾರ್ಥಿ ಒಪ್ಪಿ ಕೊಟ್ಟ ಒಂದು ದಿನದ ಪುಟ ಹೀಗಿತ್ತು:

ಬೆಳಗ್ಗೆ 7:50, ಏನೂ ಇಲ್ಲ, 8ಕ್ಕೆ ಕ್ಲಾಸ್. 11:10, ಕಾಫಿ, ಎಗ್ ಪಫ್. 1:40, ಅನ್ನ ಸಾರು ಎರಡು ತುತ್ತು, ಬಯೋಕೆಮಿಸ್ಟ್ರಿ ಟೆಸ್ಟ್ ಇತ್ತು. 5:30, ಟೀ, ಬಿಸ್ಕತ್ತು. 8:45, ಒಂದು ಚಪಾತಿ, ಪಲ್ಯ ಸೇರಲಿಲ್ಲ. 10:30, ಕಾಫಿ. 12:40, ಮ್ಯಾಗಿ ಎರಡು ಪ್ಯಾಕೆಟ್, ಚಿಪ್ಸ್. 2:15, ರೂಮ್‌ಮೇಟ್ ತಂದ ಕೇಕ್. 3ಕ್ಕೆ ಮಲಗಿದ್ದು.

‘ನಾನು ಏನೂ ತಿನ್ನಲ್ಲ, ಆದ್ರೂ ದಪ್ಪ ಆಗ್ತಿದೀನಿ’ ಎಂದು ಅವನ ದೂರು. ಅವನು ಸುಳ್ಳು ಹೇಳುತ್ತಿರಲಿಲ್ಲ. ಹಗಲು ನಿಜವಾಗಿಯೂ ಹೊಟ್ಟೆ ತುಂಬ ಏನೂ ತಿನ್ನುತ್ತಿರಲಿಲ್ಲ. ದಿನದ ಹೆಚ್ಚಿನ ಪಾಲು ಅವನ ಹೊಟ್ಟೆಗೆ ಬೀಳುತ್ತಿದ್ದದ್ದು ನಡುರಾತ್ರಿ. ಇನ್ನೊಂದು ಸಾಲಿನ ಕಡೆಗೂ ಅವನ ಕಣ್ಣು ಹೋಗಿರಲಿಲ್ಲ: ರಾತ್ರಿ 10:30ರ ಕಾಫಿ. ಕೆಫೀನಿನ ಅರ್ಧಾಯುಷ್ಯ ಸುಮಾರು ಐದು ಗಂಟೆ. ಹತ್ತೂವರೆಗೆ ಕುಡಿದ ಲೋಟದಲ್ಲಿ ಅರ್ಧ ಪಾಲು ಮೂರೂವರೆಗೂ ರಕ್ತದಲ್ಲೇ ಇರುತ್ತದೆ. ಅದು ಎದೆ ಬಡಿತ, ಕೈ ನಡುಕ ತರುತ್ತದೆ, ಅದನ್ನು ನಾವು ಆತಂಕ ಎಂದು ಓದಿಕೊಳ್ಳುತ್ತೇವೆ, ಅದಕ್ಕೆ ಇನ್ನೊಂದು ಬಿಸ್ಕತ್ತು ತಿನ್ನುತ್ತೇವೆ.

3. ನಿಮ್ಮ ಜಾತಿ ಯಾವುದು ನೋಡಿ

ಗಾಬರಿಯಾಗಬೇಡಿ, ಹಸಿವಿನ ಜಾತಿ. ಏಳು ದಿನದ ಪುಟ ನೋಡಿದರೆ ಗೊತ್ತಾಗುತ್ತದೆ. ಆತಂಕವಾದಾಗ ಹಸಿವು ಸಾಯುವವರು ಒಂದು ಪಂಗಡ, ಹಸಿವು ಕೆರಳುವವರು ಇನ್ನೊಂದು. ಹಗಲು ಮೊದಲನೆಯದು, ರಾತ್ರಿ ಎರಡನೆಯದು ಆಗುವವರೇ ಹಾಸ್ಟೆಲಿನಲ್ಲಿ ಹೆಚ್ಚು. ಇವರಿಗೆ ‘ಕಡಿಮೆ ತಿನ್ನು’ ಎಂದು ಹೇಳುವುದು ತೀರಾ ತಪ್ಪು ಸಲಹೆ. ಹಗಲು ಇನ್ನಷ್ಟು ಬಿಡುತ್ತಾರೆ, ರಾತ್ರಿ ಇನ್ನಷ್ಟು ತಿನ್ನುತ್ತಾರೆ.

4. ಈಗ ತೂಕ ನೋಡಿ, ಒಂದೇ ಸಲ

ಬೆಳಗ್ಗೆ, ಟಾಯ್ಲೆಟ್ಟಿಗೆ ಹೋಗಿ ಬಂದು, ತಿಂಡಿಗೆ ಮೊದಲು, ಯಾವಾಗಲೂ ಒಂದೇ ಮಷೀನಿನಲ್ಲಿ. ತಿಂಗಳಿಗೆ ಒಂದು ಸಲ ಸಾಕು. ಉಪ್ಪು, ನೀರು, ಮುಟ್ಟಿನ ದಿನಗಳಿಂದ ಒಂದು ಕೆ.ಜಿ. ಆಚೀಚೆ ಆಗುವುದು ಮಾಮೂಲು. ದಿನಾ ಹತ್ತಿ ಇಳಿದರೆ ನೋಡುವುದು ನೀರಿನ ಏರಿಳಿತವನ್ನು, ಅನುಭವಿಸುವುದು ಸೋಲನ್ನು.

ಬಿಎಂಐ ಲೆಕ್ಕ ನಿಮಗೆ ಗೊತ್ತು. 165 ಸೆಂ.ಮೀ., 63 ಕೆ.ಜಿ. ಇದ್ದರೆ 23.1. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ ಇದು ಸರಿಯಾದ ತೂಕ, ಅಲ್ಲಿ 25ರಿಂದ ಮೇಲೆ ಮಾತ್ರ ಹೆಚ್ಚು. ಭಾರತೀಯರಿಗೆಂದು 2009ರಲ್ಲಿ ತಜ್ಞರು ಒಪ್ಪಿದ ಪಟ್ಟಿಯಲ್ಲಿ 23ರಿಂದಲೇ ಹೆಚ್ಚಿನ ತೂಕ, 25ರಿಂದ ಬೊಜ್ಜು. ನಮ್ಮವರಿಗೆ ಕಡಿಮೆ ಬಿಎಂಐನಲ್ಲೇ ಹೊಟ್ಟೆ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆ ಬರುತ್ತದೆ, ಅದಕ್ಕೆ. ಒಂದೇ ಮೈ, ಒಂದು ಪುಸ್ತಕದಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ಆದ್ದರಿಂದ ಟೇಪ್ ತೆಗೆದುಕೊಂಡು ಸೊಂಟದ ಸುತ್ತಳತೆಯನ್ನೂ ನೋಡಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಗಡಿ. ಮುಟ್ಟಿದರೆ ಎಚ್ಚರ.

ಕೆಳಗಿನ ಕಡೆಗೂ ಗಡಿಯಿದೆ. ಬಿಎಂಐ 18.5ಕ್ಕಿಂತ ಕಡಿಮೆ, ಅಥವಾ ಪ್ರಯತ್ನವಿಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ಶೇ. 5ರಷ್ಟು ಇಳಿಕೆ (60 ಕೆ.ಜಿ. ಇದ್ದವರು 57 ಆಗುವುದು) ಕಂಡರೆ ‘ಸ್ಲಿಮ್ ಆದೆ’ ಎಂಬ ಹೊಗಳಿಕೆಗೆ ಮರುಳಾಗದೆ ತೋರಿಸಿಕೊಳ್ಳಿ.

5. ಆತಂಕದ ವೇಷ ಹಾಕಿದ ಬೇರೆ ಕಾಯಿಲೆ ಇದೆಯೇ

ಎದೆ ಬಡಿತ, ಬೆವರು, ಕೈ ನಡುಕ, ನಿದ್ದೆಯಿಲ್ಲ, ಚೆನ್ನಾಗಿ ತಿಂದರೂ ತೂಕ ಇಳಿಯುತ್ತಿದೆ. ಇದನ್ನು ಕೇಸ್ ಶೀಟಿನಲ್ಲಿ ಓದಿದರೆ ಥೈರಾಯ್ಡ್ ಹೆಚ್ಚಾಗಿದೆ ಅನ್ನುತ್ತೀರಿ, ನಿಮಗೇ ಆದರೆ ಪರೀಕ್ಷೆ ಭಯ ಅನ್ನುತ್ತೀರಿ. ಹಾಗೆಯೇ ಸುಸ್ತು, ತೂಕ ಏರಿಕೆ, ಮಂಕು ಇದ್ದರೆ ಥೈರಾಯ್ಡ್ ಕಡಿಮೆಯಾಗಿರಬಹುದು. ರಕ್ತಹೀನತೆಯಿಂದಲೂ ಎದೆ ಬಡಿದುಕೊಳ್ಳುತ್ತದೆ. ತಿಂಗಳ ಲೆಕ್ಕ ತಪ್ಪಿ ತೂಕವೂ ಏರುತ್ತಿರುವ ಹುಡುಗಿಯರು ಪಿಸಿಒಎಸ್ (ಅಂಡಾಶಯದ ಹಾರ್ಮೋನಿನ ತೊಂದರೆ) ಬಗ್ಗೆ ಕೇಳಲೇಬೇಕು. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಸಕ್ಕರೆ, ಮೂರೂ ನಿಮ್ಮ ಆಸ್ಪತ್ರೆಯ ಲ್ಯಾಬಿನಲ್ಲೇ ಆಗುತ್ತವೆ. ಗೆಳೆಯ ಇಂಟರ್ನ್ ಕೈಲಿ ರಿಪೋರ್ಟ್ ಓದಿಸಿ ಸುಮ್ಮನಾಗಬೇಡಿ, ಮೆಡಿಸಿನ್ ಒಪಿಡಿಯಲ್ಲಿ ಚೀಟಿ ಮಾಡಿಸಿ ರೋಗಿಯಾಗಿ ಕೂತುಕೊಳ್ಳಿ. ಅದೂ ಒಂದು ಪಾಠವೇ.

6. ಬದಲಾವಣೆ ಬೆಳಗಿನಿಂದ ಶುರು

ಎಲ್ಲವನ್ನೂ ಸೋಮವಾರದಿಂದ ಬದಲಿಸುತ್ತೇನೆ ಎನ್ನುವವರು ಬುಧವಾರಕ್ಕೆ ಬಿಡುತ್ತಾರೆ. ಒಂದೊಂದೇ ಮಾಡಿ, ಒಂದಕ್ಕೆ ಎರಡು ವಾರ ಕೊಡಿ.

ಮೊದಲನೆಯದು, ಎದ್ದ ಎರಡು ಗಂಟೆಯೊಳಗೆ ಏನಾದರೂ ತಿನ್ನುವುದು. ಮೆಸ್ ತಿಂಡಿ 7:30ಕ್ಕೆ, ಕ್ಲಾಸು 8ಕ್ಕೆ, ಉಪ್ಪಿಟ್ಟು ತಳ ಹಿಡಿದಿರುತ್ತದೆ, ಎಲ್ಲ ಗೊತ್ತು. ಹಾಗಾಗಿ ರೂಮಿನಲ್ಲಿ ಸರಕು ಇರಲಿ. ಹಳೇ ಮೈಸೂರು ಕಡೆಯವರು ಮನೆಯಿಂದ ರಾಗಿ ಹುರಿಹಿಟ್ಟು ತರಿಸಿಕೊಳ್ಳಿ, ಹಾಲಿಗೋ ಮಜ್ಜಿಗೆಗೋ ಕಲಸಿಕೊಂಡರೆ ಮೂರು ನಿಮಿಷದ ಕೆಲಸ. ಉತ್ತರ ಕರ್ನಾಟಕದವರ ಹತ್ತಿರ ಇದಕ್ಕಿಂತ ಒಳ್ಳೆಯ ಆಸ್ತಿಯಿದೆ: ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ವಾರಗಟ್ಟಲೆ ಕೆಡುವುದಿಲ್ಲ. ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಹುರಿಗಡಲೆ ಎಲ್ಲರಿಗೂ ಸಿಗುತ್ತವೆ. ವಾಕರಿಕೆ ಬರುವವರು ಪೂರ್ತಿ ತಟ್ಟೆಯ ಕಡೆ ನೋಡಲೇಬೇಡಿ. ಅರ್ಧ ಬಾಳೆಹಣ್ಣು ತಿಂದು ಹೊರಡಿ, ಉಳಿದರ್ಧ 9 ಗಂಟೆಯ ಬ್ರೇಕಿಗೆ.

ಎರಡನೆಯದು, ಮಧ್ಯಾಹ್ನ 3ರ ನಂತರ ಕಾಫಿ ಬೇಡ. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ, ವಾರಕ್ಕೆ ಒಂದು ಲೋಟ ಕಡಿಮೆ ಮಾಡುತ್ತಾ ಬನ್ನಿ. (ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಒಂದು ಲೋಟ ಫಿಲ್ಟರ್ ಕಾಫಿ ಇದೆ. ಬೆಳಗ್ಗೆ 10 ಗಂಟೆ, ಆದ್ದರಿಂದ ತಪ್ಪಿಲ್ಲ.)

ಮೂರನೆಯದು, ರಾತ್ರಿ ತಿನ್ನುವುದನ್ನು ನಿಷೇಧಿಸಬೇಡಿ, ಗೊತ್ತುಪಡಿಸಿ. ಓದು 12ರವರೆಗೆ ಇದ್ದೇ ಇರುತ್ತದೆ ಅಂದರೆ 10:30ಕ್ಕೆ ಒಂದು ಲೋಟ ಹಾಲು, ಒಂದು ಹಿಡಿ ಶೇಂಗಾ ಎಂದು ಮೊದಲೇ ತೆಗೆದಿಡಿ. ಅದು ಊಟ, ಕದ್ದು ತಿನ್ನುವುದಲ್ಲ. ಮ್ಯಾಗಿ ಶನಿವಾರಕ್ಕೆ ಇರಲಿ, ಗೆಳೆಯರ ಜೊತೆ.

ನಡಿಗೆಯ ವಿಷಯ ಚಿಕ್ಕದು. ವಾರಕ್ಕೆ 150 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ದಿನಕ್ಕೆ ಇಪ್ಪತ್ತು ನಿಮಿಷ ಚಿಲ್ಲರೆ. ಹಾಸ್ಟೆಲಿನಿಂದ ಆಸ್ಪತ್ರೆಗೆ ಗಾಡಿಯಲ್ಲಿ ಹೋಗುವುದು ಬಿಟ್ಟರೆ ಅರ್ಧ ಮುಗಿಯಿತು. ತೂಕ ಇಳಿಯಲಿ ಬಿಡಲಿ, ಆತಂಕಕ್ಕೆ ನಡಿಗೆ ಬೇಗ ನಾಟುತ್ತದೆ.

ನೈಟ್ ಡ್ಯೂಟಿಯ ಇಂಟರ್ನ್‌ಗಳು ಡ್ಯೂಟಿಗೆ ಮೊದಲೇ ಸರಿಯಾಗಿ ಊಟ ಮಾಡಿ. ನಡುರಾತ್ರಿ ಕ್ಯಾಜುವಲ್ಟಿ ಪಕ್ಕದ ಗೂಡಂಗಡಿಯಲ್ಲಿ ಸಿಗುವುದು ಟೀ, ಬನ್, ಸಿಗರೇಟು ಅಷ್ಟೇ.

7. ವೈವಾ ದಿನದ ಹೊಟ್ಟೆ

ಹಿಂದಿನ ರಾತ್ರಿ ಖಾರ, ಕರಿದದ್ದು ಬೇಡ. ಬೆಳಗ್ಗೆ ಕಾಫಿ ಕುಡಿಯುವ ಅಭ್ಯಾಸ ಇದ್ದರೆ ಅರ್ಧ ಲೋಟ. ಇಡ್ಲಿ ಅಥವಾ ಮೊಸರನ್ನ ನಾಲ್ಕು ತುತ್ತು. ಸಾಲಿನಲ್ಲಿ ನಿಂತಾಗ ನಾಲ್ಕು ಎಣಿಸುವವರೆಗೆ ಉಸಿರು ಒಳಗೆ, ಆರು ಎಣಿಸುವವರೆಗೆ ಹೊರಗೆ. ನಿಮಿಷಕ್ಕೆ ಆರು ಉಸಿರಾಗುತ್ತದೆ. ಹೊರಗೆ ಬಿಡುವ ಉಸಿರು ಉದ್ದವಾದಾಗ ವೇಗಸ್ ನರ ಹೃದಯದ ಓಟವನ್ನು ಹಿಡಿಯುತ್ತದೆ. ಐದು ನಿಮಿಷ ಮಾಡಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕಲ್ಲ ಎಂಬುದೇ ಅರ್ಧ ಭಯ. ಅದಕ್ಕೆ ಉಸಿರು ಸಾಲದು. ರೂಮ್‌ಮೇಟ್ ಎದುರು ದಿನಕ್ಕೆ ಐದು ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಿ, ತಿಂಗಳಿನಲ್ಲಿ ನಾಲಿಗೆ ಸಡಿಲವಾಗುತ್ತದೆ.

8. ಮಾಡಲೇಬಾರದ್ದು

ಔಷಧಿ ಕೈಗೆಟಕುವ ದೂರದಲ್ಲಿದೆ, ಇದೇ ನಮ್ಮವರ ದೊಡ್ಡ ಅಪಾಯ. ವೈವಾಗೆ ಮೊದಲು ಸೀನಿಯರ್ ಕೊಟ್ಟ ಪ್ರೊಪ್ರನೊಲಾಲ್ (ಎದೆ ಬಡಿತ ತಗ್ಗಿಸುವ ಮಾತ್ರೆ) ನುಂಗುವವರಿದ್ದಾರೆ, ಆಸ್ತಮಾ ಇದ್ದವರಿಗೆ ಅದು ಉಸಿರು ಕಟ್ಟಿಸಬಹುದು. ನಿದ್ದೆಗೆಂದು ಅಲ್ಪ್ರಜೋಲಾಂ ಶುರು ಮಾಡಿದರೆ ಅಂಟಿಕೊಳ್ಳುತ್ತದೆ, ಹೊಸದಾಗಿ ಓದಿದ್ದು ನೆನಪಿನಲ್ಲಿ ಕೂರುವುದೂ ಇಲ್ಲ. ತೂಕ ಇಳಿಸಲು ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ತೆಗೆದುಕೊಳ್ಳುವುದಂತೂ ದುಡ್ಡು ಕೊಟ್ಟು ಆತಂಕ ಕೊಂಡುಕೊಂಡ ಹಾಗೆ.

ಇನ್ನೊಂದನ್ನು ಮೆಲ್ಲಗೆ ಕೇಳುತ್ತೇನೆ. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತೀರಾ? ತಿನ್ನುವುದರ ಮೇಲೆ ಹಿಡಿತ ತಪ್ಪಿದೆ ಅನ್ನಿಸುತ್ತದೆಯೇ? ಮೂರು ತಿಂಗಳಲ್ಲಿ ಆರು ಕೆ.ಜಿ.ಗಿಂತ ಹೆಚ್ಚು ಇಳಿದಿದ್ದೀರಾ? ಎಲ್ಲರೂ ಸಣಕಲು ಅಂದರೂ ನಿಮಗೆ ದಪ್ಪ ಕಾಣುತ್ತೀರಾ? ದಿನವಿಡೀ ಊಟದ್ದೇ ಯೋಚನೆಯೇ? ಎರಡಕ್ಕೆ ಹೌದು ಎಂದರೆ ಮೇಲಿನ ಹೆಜ್ಜೆಗಳು ನಿಮಗಲ್ಲ, ಮನೋವೈದ್ಯರನ್ನು ಕಾಣಬೇಕು. ಹುಡುಗರಿಗೂ ಇದೇ ಮಾತು.

9. ಯಾರ ಹತ್ತಿರ ಹೋಗುವುದು

‘ನಮ್ಮ ಕಾಲೇಜಿನ ಸೈಕಿಯಾಟ್ರಿ ಒಪಿಡಿಗೆ ಹೋದರೆ ನಾಳೆ ಅವರೇ ಪೋಸ್ಟಿಂಗಿನಲ್ಲಿ ಪಾಠ ಮಾಡುವವರು’ ಎಂಬ ಸಂಕೋಚ ನಿಜವಾದದ್ದು, ಅದನ್ನು ತಳ್ಳಿಹಾಕುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ವಿಷಯ ಗುಟ್ಟಾಗಿರಬೇಕು, ಅದು ನಿಮ್ಮ ಹಕ್ಕು. ಆದರೂ ಮುಜುಗರವಾದರೆ ಊರಿನ ಇನ್ನೊಬ್ಬ ವೈದ್ಯರನ್ನೋ ಜಿಲ್ಲಾ ಆಸ್ಪತ್ರೆಯನ್ನೋ ಆರಿಸಿ. ಫೋನ್ ಸಾಕು ಎಂದರೆ ಟೆಲಿ ಮಾನಸ್ ಸಹಾಯವಾಣಿ, ಸಂಖ್ಯೆ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದರೆ ಬೆಳಗಾಗುವವರೆಗೆ ಕಾಯಬೇಡಿ. ಆಗಲೇ ಫೋನ್ ಮಾಡಿ, ಪಕ್ಕದ ರೂಮಿನ ಬಾಗಿಲು ತಟ್ಟಿ.

ಔಷಧಿ ಬರೆದರೆ ಕೇಳಬೇಕಾದ ಒಂದು ಪ್ರಶ್ನೆ: ‘ಇದರಿಂದ ತೂಕ ಏರುತ್ತದೆಯೇ?’ ಮಿರ್ಟಾಜಪಿನ್‌ನಂಥವು ಹಸಿವು ಹೆಚ್ಚಿಸುತ್ತವೆ. ಹಸಿವು ಸತ್ತವರಿಗೆ ಅದೇ ಉಪಕಾರವಾಗಬಹುದು, ಉಳಿದವರಿಗೆ ಬೇರೆಯದು ಕೊಡಬಹುದು. ಆತಂಕಕ್ಕೆ ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್ ಮಾತ್ರೆಗಳು ಹಿಡಿತಕ್ಕೆ ಬರಲು ಕೆಲವು ವಾರ ಬೇಕು, ಶುರುವಿನ ದಿನಗಳಲ್ಲಿ ತಳಮಳ ಸ್ವಲ್ಪ ಹೆಚ್ಚಲೂಬಹುದು. ಅದಕ್ಕೆ ಹೆದರಿ ಮೂರನೇ ದಿನಕ್ಕೆ ಬಿಡಬೇಡಿ, ಬರೆದವರಿಗೆ ಫೋನ್ ಮಾಡಿ ಕೇಳಿ.

ಮನೆಯವರಿಗೆ, ಮೇಷ್ಟ್ರುಗಳಿಗೆ

ಮಗಳೋ ಮಗನೋ ರಜೆಗೆ ಬಂದಾಗ ಮೈ ಬಗ್ಗೆ ಮೊದಲ ಮಾತು ಬೇಡ. ‘ನಿದ್ದೆ ಸರಿಯಾಗಿ ಮಾಡ್ತಿದೀಯಾ?’ ಎಂದು ಕೇಳಿ, ತೂಕದ ಕಥೆ ಅದರ ಹಿಂದೆಯೇ ಬರುತ್ತದೆ. ವಾಪಸ್ ಕಳಿಸುವಾಗ ಚಕ್ಕುಲಿ, ಕೋಡುಬಳೆ ಡಬ್ಬಿಯ ಜೊತೆ ಹುರಿಹಿಟ್ಟಿನ ಡಬ್ಬಿಯೂ ಇರಲಿ.

ಎನ್‌ಎಂಸಿ ಕಾರ್ಯಪಡೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವಾರಕ್ಕೆ 74 ಗಂಟೆ ಮೀರದ ಕೆಲಸ, ವಾರಕ್ಕೊಂದು ರಜೆ, ದಿನಕ್ಕೆ 7ರಿಂದ 8 ಗಂಟೆ ನಿದ್ದೆ ಎಂದು ಶಿಫಾರಸು ಮಾಡಿದೆ. ಅದು ಜಾರಿಗೆ ಬರುವವರೆಗೆ ಕಾಯದೆ ಮಾಡಬಹುದಾದ ಸಣ್ಣ ಕೆಲಸಗಳಿವೆ. ತಿಂಡಿಯ ಹೊತ್ತಿಗೂ ಮೊದಲ ಕ್ಲಾಸಿಗೂ ಮಧ್ಯೆ ಅರ್ಧ ಗಂಟೆ ಬಿಡಿಸುವುದು. ಓದುವ ಕೋಣೆಯ ಹತ್ತಿರ ರಾತ್ರಿ ಹಾಲು, ಹಣ್ಣು ಸಿಗುವ ಹಾಗೆ ಮೆಸ್‌ನವರಿಗೆ ಹೇಳುವುದು.

ಬಿಎಂಐ ಪ್ರಾಕ್ಟಿಕಲ್ ದಿನ ನಾವು ಈಗ ಮಷೀನನ್ನು ಇಸಿಜಿ ಮಂಚದ ಹಸಿರು ಪರದೆಯ ಹಿಂದೆ ಇಡುತ್ತೇವೆ. ಒಬ್ಬೊಬ್ಬರೇ ಒಳಗೆ ಹೋಗುತ್ತಾರೆ, ಅಂಕಿಯನ್ನು ತಾವೇ ನೋಡಿ ತಮ್ಮ ರೆಕಾರ್ಡಿನಲ್ಲಿ ಬರೆದುಕೊಳ್ಳುತ್ತಾರೆ. ತಮ್ಮದು ಬರೆಯಲು ಇಷ್ಟವಿಲ್ಲದವರಿಗೆ 165 ಸೆಂ.ಮೀ., 63 ಕೆ.ಜಿ. ಎಂದು ಬೋರ್ಡಿನ ಮೇಲೆ ಒಂದು ಲೆಕ್ಕ ಕೊಟ್ಟಿರುತ್ತೇವೆ. ಹೋದ ವರ್ಷ ಆ ಲೆಕ್ಕ ಮಾಡಿದವರು ಹನ್ನೊಂದು ಜನ.